ಕೌದಿ ಹೊದ್ದ ಸೇವಂತಿಗೆ

ಜೀವನ್ ಬಿಮಾ ನಗರದಲ್ಲಿ ನಮ್ಮ ಕೆಳಗಿನ ಮನೆಗೆ ಬಾಡಿಗೆಗೆ ಬಂದಿದ್ದ ಧಾರವಾಡದ ಕಡೆಯ ಅಮ್ಮ ಗೇಟಿನ ಪಕ್ಕದ ಮೊಳದಗಲದ ಮಣ್ಣಿನಲ್ಲಿ ಸೇವಂತಿಗೆ ನೆಟ್ಟಿದ್ದರು. ದೀಪಾವಳಿ ಕಳೆದರೂ ಮೊಗ್ಗಿಲ್ಲ. ಎದುರಿಗೆ ಹೊಸ ಬೀದಿದೀಪ ಬಂದಿತ್ತು. ರಾತ್ರಿಯಿಡೀ ಬೆಳಕಿದ್ದರೆ ಗಿಡ ಮೊಗ್ಗು ಕಟ್ಟುವುದಿಲ್ಲವೆಂದು ಕಂಡುಕೊಂಡವರು ಅವರೇ. "ಅದಕ್ಕೂ ನಿದ್ದಿ ಬೇಕಲ್ರೀ" ಎನ್ನುತ್ತ, ನಾನು ದೇವರ ದೀಪ ಹಚ್ಚುವ ಹೊತ್ತಿಗೆ ದಿನವೂ ಗಿಡಗಳ ಸುತ್ತ ನೆಟ್ಟ ಕೋಲುಗಳ ಮೇಲೆ ತಾವೇ ಹೊಲಿದ ಕೌದಿ ಹೊದಿಸಿ, ಬೆಳಿಗ್ಗೆ ತೆಗೆಯುತ್ತಿದ್ದರು. ಬೀದಿಯವರು ನಕ್ಕರೂ ಅದೇ ಮಾತು.

ಒಂದು ಬೆಳಿಗ್ಗೆ ಮನೆ ಮಾಲೀಕರು ಗಾರೆಯವರನ್ನು ಕರೆತಂದರು.

"ಬರೀ ಎಲೆ ಇಟ್ಕೊಂಡು ಏನ್ಮಾಡ್ತೀರಮ್ಮಾ? ಕಿತ್ತು ಸಿಮೆಂಟ್ ಹಾಕಿಸ್ತೀನಿ, ಗಾಡಿ ನಿಲ್ಲಿಸ್ಬೋದು."

ಅಮ್ಮ ಕುರ್ಚಿ ತಂದು ಗಿಡಗಳಿಗೆ ಅಡ್ಡವಾಗಿ ಕೂತು, ಮೊರದಲ್ಲಿ ಅವರೆಕಾಯಿ ಸುಲಿಯತೊಡಗಿದರು.

"ಹಾಕ್ಸ್ರಿ. ನಾ ಏಳೂದಿಲ್ಲ."

ಮಧ್ಯಾಹ್ನವಾದರೂ ಏಳಲಿಲ್ಲ. ಗಾರೆಯವರು ಕಾದು ಕಾದು ಹೊರಟುಹೋದರು.

ಮಾರ್ಗಶಿರದಲ್ಲಿ ದೇವರು ಕಣ್ಣು ಬಿಟ್ಟ. ಹಳದಿ ಹೂಗಳು ಗೇಟಿನಾಚೆಗೂ ಬಾಗಿದವು. ಮೊದಲ ಬೊಗಸೆ ನನ್ನ ದೇವರ ಮನೆಗೇ ಬಂತು.

"ಹೂವು ಮುಗಿದ್ಮೇಲೆ ಮಾಲೀಕರು ಮತ್ತೆ ಬಂದ್ರೆ?" ಎಂದು ಕೇಳಿದೆ.

"ಬರ್ಲಿ" ಎಂದರು. ಆಗಲೇ ಬುಡದ ಮರಿಗಳನ್ನು ಬಿಡಿಸಿ, ಕಾಂಪೌಂಡಿನ ಉದ್ದಕ್ಕೂ ನೆಡುತ್ತಿದ್ದರು.