ಏಡಿಗೂ ಸೋಮವಾರ

ಕೇಳಿ ಗೆಳೆಯರೇ, ಒಂದು ಸಿಗಡಿಯ ದೆಸೆಯಿಂದ ಇವತ್ತು ಅಮ್ಮ ನನ್ನನ್ನು ಚೆಂಬೂರಿನ ನಮ್ಮ ಮನೆ ಬಾಗಿಲಲ್ಲೇ ತಡೆದರು. ರೇಡಿಯೋ ಪಕ್ಕದ ಉಪ್ಪುನೀರಿನ ಗಾಜಿನ ಮೀನುತೊಟ್ಟಿಗೆ ನಿನ್ನೆ ಏಡಿಯೊಂದನ್ನು ಬಿಟ್ಟಿದ್ದೆ. ಮೀನುಗಳ ತಂಟೆಗೆ ಹೋಗದಿರಲೆಂದು ತೀರಾ ಪುಟ್ಟದನ್ನೇ ಆರಿಸಿದ್ದೆ. ಸಿಗಡಿ ಅದರ ಊಟಕ್ಕೆ.

“ಸೋಮವಾರ ಮನೆಗೆ ಸಿಗಡಿ ತರ್ತಿಯಾ ಮಾರಾಯ? ಏಡಿಗೂ ಇವತ್ತು ಒಪ್ಪತ್ತು!”

“ಹಸಿದರೆ ಅದು ಮೀನಿಗೇ ಬಾಯಿ ಹಾಕ್ತದೆ ಅಮ್ಮ.”

“ಹಾಕ್ಲಿ, ನೋಡುವ.”

ಪೊಟ್ಟಣ ಹಿಡಿದು ಬಾಗಿಲ ಹೊರಗಿನ ಗ್ಯಾಲರಿಯಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಅಮ್ಮನ ಕೂಗು. ಅವರ ಮೆಚ್ಚಿನ ಪಟ್ಟೆಮೀನಿನ ಬಾಲವನ್ನು ಏಡಿ ಹಿಡಿದುಕೊಂಡಿತ್ತು.

“ಬೇಗ ಸಿಗಡಿ ಹಾಕು! ಪ್ರಾಣಿಗೆ ಎಂಥದ್ದು ಸೋಮವಾರ!”

ತುಣುಕು ಬಿದ್ದದ್ದೇ ತಡ, ಏಡಿ ಬಾಲ ಬಿಟ್ಟಿತು. ಅಮ್ಮ ಚಪ್ಪಾಳೆ ತಟ್ಟಿದರು.

“ನಾನೂ ಪ್ರಾಣಿಯೇ ಅಲ್ವಾ ಅಮ್ಮ?” ಎಂದೆ.

ನನ್ನ ತಟ್ಟೆಗೆ ಬಿದ್ದದ್ದು ಸೌತೆಕಾಯಿ ಹುಳಿ.