ನಿಂತು ತಟ್ಟಿದ ರೊಟ್ಟಿ

ನನ್ನ ಬಲಗಾಲು ಬಿಲ್ಲಿನಂತೆ ಹೊರಕ್ಕೆ ಬಾಗತೊಡಗಿದಾಗ ನನಗಿನ್ನೂ ನಲವತ್ತು ತುಂಬಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಜಗಳೂರಿನಲ್ಲಿ ನಾನು ವಾಲಾಡುತ್ತ ನಡೆಯುವುದನ್ನು ಕಂಡವರೆಲ್ಲ ಒಂದೊಂದು ಔಷಧಿ ಹೇಳಿದರು. ಎಕ್ಕದೆಲೆ ಬಿಸಿ ಮಾಡಿ ಕಟ್ಟಿದೆ, ಹರಳೆಣ್ಣೆ ತಿಕ್ಕಿದೆ, ಬಿಳಿಚೋಡಿನಿಂದ ಯಾರೋ ತಂದುಕೊಟ್ಟ ಬೇರು ಅರೆದು ಹಚ್ಚಿದೆ. ಚರ್ಮ ಸುಟ್ಟಿತು, ನೋವು ಹಾಗೇ ಉಳಿಯಿತು. ಹೇಳಿದವರಿಗೇನು, ಕಾಲು ಅವರದಲ್ಲವಲ್ಲ.

ಕೊನೆಗೆ ನಮ್ಮ ಮನೆಯವರು ದಾವಣಗೆರೆಗೆ, ಮೂಳೆ ಡಾಕ್ಟರ ಹತ್ತಿರ ಕರೆದೊಯ್ದರು. ಕೀಲು ಒಳಮಗ್ಗುಲಲ್ಲಿ ಮಾತ್ರ ಸವೆದಿದೆ ಎಂದು ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಮೊಣಕಾಲಿನ ಕೆಳಗೆ ಮೂಳೆ ಕೊಯ್ದು, ಸಣ್ಣ ಚೂರು ತೆಗೆದು, ನೆಟ್ಟಗೆ ಕೂಡಿಸಿದರೆ ಮೈಭಾರ ಚೆನ್ನಾಗಿರುವ ಕಡೆಗೆ ಬೀಳುತ್ತದಂತೆ.

"ಗಾಡಿ ಅಚ್ಚು ಓರೆ ಆದ್ರೆ ಗಾಲಿ ಒಂದೇ ಕಡೆ ಸವೆಯಲ್ವಾ, ಹಂಗೆ," ಎಂದು ನಮ್ಮ ಮನೆಯವರು ಬಸ್ಸಿನಲ್ಲಿ ವಿವರಿಸಿದರು. ನನ್ನನ್ನು ಗಾಡಿ ಮಾಡಿದ್ದಕ್ಕೆ ಊರು ಬರುವ ತನಕ ಅವರಿಗೆ ಬೆನ್ನು ತಿರುಗಿಸಿ ಕೂತೆ.

ನಿಜ ಹೇಳಬೇಕೆಂದರೆ ಸಿಟ್ಟು ಅವರ ಮೇಲಲ್ಲ. ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: "ನೋವು ಕಡಿಮೆ ಆಗುತ್ತಮ್ಮ. ನೆಲದ ಮೇಲೆ ಕೂತು ಕೆಲಸ ಮಾಡೋದು ಮಾತ್ರ ಬಿಡಬೇಕು."

ನಮ್ಮ ಮನೆಯ ಒಲೆ ನೆಲದ ಮೇಲಿತ್ತು. ಜೋಳದ ರೊಟ್ಟಿ ತಟ್ಟುವುದೆಂದರೆ ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ, ಹಂಚಿನ ಮುಂದೆ ತಾಸುಗಟ್ಟಲೆ ಕೂರುವುದು. ನಾನು ಹೊನ್ನಾಳಿಯವಳು, ಹೊಳೆ ನೀರು ಕುಡಿದು ಅನ್ನ ಉಂಡು ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ರೊಟ್ಟಿ ಹಂಚು ಮುಟ್ಟುವ ಮೊದಲೇ ಹರಿಯುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತು ಕೈ ಹಿಡಿದು ತಿದ್ದಿದರು, ಬೈದರು, ಹರಿದದ್ದನ್ನೆಲ್ಲ ನನಗೇ ತಿನ್ನಿಸಿದರು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ತಾವಾಗಿ ಎದ್ದು ಜಾಗ ಬಿಟ್ಟರು. ಅಂದಿನಿಂದ ಆ ಮನೆಯಲ್ಲಿ ನನ್ನದು ಎನ್ನುವುದೊಂದಿದ್ದರೆ ಅದು ಆ ಜಾಗ. ನಿಂತು ಅಡಿಗೆ ಮಾಡುವ ಮಾತನ್ನು ಎತ್ತುವಂತೆಯೇ ಇರಲಿಲ್ಲ. "ನಿಂತು ಬೇಯಿಸಾದು ಹೋಟ್ಲರು, ನಿಂತು ಉಣ್ಣಾದು ದನ," ಎನ್ನುತ್ತಿದ್ದರು ಅತ್ತೆ.

ಆಪರೇಷನ್ ಬೇಡವೇ ಬೇಡ ಎಂದುಬಿಟ್ಟೆ. ಕಾಲು ನೆಟ್ಟಗೆ ಮಾಡಿಸಿಕೊಂಡು ಮೂಲೆ ಸೇರುವುದಕ್ಕಿಂತ ಸೊಟ್ಟಗಾಲಲ್ಲೇ ಒಲೆ ಮುಂದೆ ಇರುವುದು ವಾಸಿ ಅನ್ನಿಸಿತ್ತು. ಹೀಗೇ ಒಂದು ಬೇಸಿಗೆ, ಒಂದು ಮಳೆಗಾಲ ದೂಡಿದೆ. ಆಮೇಲೊಂದು ಬೆಳಗ್ಗೆ ರೊಟ್ಟಿ ಮುಗಿಸಿ ಏಳಹೋದರೆ ಏಳಲಾಗಲಿಲ್ಲ. ಅತ್ತೆ ಬಂದು ಎರಡೂ ರೆಟ್ಟೆ ಹಿಡಿದು ಎತ್ತಿದರು. ಅವರು ಕುಳ್ಳು, ನಾನು ಅವರಿಗಿಂತ ಒಂದು ಗೇಣು ಹೆಚ್ಚು. ಇಬ್ಬರೂ ಒಟ್ಟಿಗೆ ಬೀಳುವುದರಲ್ಲಿದ್ದೆವು.

"ಹೋಗು, ಕೊಯ್ಸಿಕೊಂಡು ಬಾ," ಎಂದರು.

"ಆಮೇಲೆ ರೊಟ್ಟಿ ಯಾರು ಮಾಡ್ತಾರೆ ಅತ್ತೆ?"

"ಅದು ನಿನಗ್ಯಾಕೆ?"

ಆ ಮಾತು ಮೊಣಕಾಲಿಗಿಂತ ಹೆಚ್ಚು ನೋಯಿಸಿತು. ಇಷ್ಟು ಸಲೀಸಾಗಿ ನನ್ನನ್ನು ಎಬ್ಬಿಸಿಬಿಟ್ಟರಲ್ಲ ಎಂಬ ಹಟಕ್ಕೇ ಆಸ್ಪತ್ರೆ ಸೇರಿದೆ.

ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಆರೈಕೆಗೆ ತವರೇ ಸರಿ ಎಂದು ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ ಹೊನ್ನಾಳಿಗೆ ಕಳಿಸಿದರು. ಹಳ್ಳ ಬಂದಾಗಲೆಲ್ಲ ಡ್ರೈವರನ ವಂಶವನ್ನೇ ಶಪಿಸಿದೆ. ಪ್ಲಾಸ್ಟರ್ ಬಿಚ್ಚಿದಾಗ ಕಾಲು ನೆಟ್ಟಗಿತ್ತು, ನುಗ್ಗೆಕಾಯಿಯಂತೆ ಬಡಕಲಾಗಿಯೂ ಇತ್ತು. ದಿನವೂ ಮಂಚದ ಅಂಚಿನಲ್ಲಿ ಕೂತು ಮಡಚುವುದು, ಚಾಚುವುದು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. "ಕುಂಟನಿಗೆ ಎಂಟು ಚೇಷ್ಟೆ ಅಂತಾರೆ, ನಮ್ಮಕ್ಕನಿಗೆ ಹತ್ತು," ಎಂದು ತಮ್ಮ ಛೇಡಿಸುತ್ತಿದ್ದ.

ಯಜಮಾನರು ಆಗಾಗ ಬಂದು ಹೋದರು. ಅತ್ತೆ ಒಮ್ಮೆಯೂ ಬರಲಿಲ್ಲ. ಕೇಳಿದರೆ, "ಮನೇಲಿ ಕೆಲ್ಸ ಐತೆ ಅಂತಾಳೆ," ಎಂದಷ್ಟೇ ಹೇಳುತ್ತಿದ್ದರು. ನನಗೂ ಒಂದು ಕಾಲ ಬರುತ್ತದೆ ಎಂದು ಹಲ್ಲು ಕಚ್ಚಿದೆ.

ಜಗಳೂರಿಗೆ ಮರಳಿದ ದಿನ ಕೋಲೂರಿಕೊಂಡು ಸೀದಾ ಅಡಿಗೆಮನೆಗೆ ಹೋದೆ, ಜಗಳಕ್ಕೆಂದೇ. ನೆಲದ ಒಲೆ ಇರಲಿಲ್ಲ. ಅದಿದ್ದ ಜಾಗವನ್ನು ಸಪಾಟು ಮಾಡಿ ಸಾರಿಸಿದ್ದರು. ಗೋಡೆಗುಂಟ ಇಟ್ಟಿಗೆಯ ಕಟ್ಟೆ ಎದ್ದಿತ್ತು, ಅದರ ಮೇಲೆ ಹೊಸ ಒಲೆ. ಅತ್ತೆ ಊಟದ ಮಣೆಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮೇಲೆ ನಿಂತು ರೊಟ್ಟಿ ತಟ್ಟುತ್ತಿದ್ದರು. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು.

"ಇದೇನತ್ತೆ?"

"ಡಾಕ್ಟ್ರು ನಿನಗೆ ಕೆಳಗೆ ಕುಂದ್ರಾಕೆ ಆಗಲ್ಲ ಅಂದ್ರಲ್ಲ. ಒಲೆನೇ ಮ್ಯಾಲೆ ಬರ್ಲಿ ಅಂದೆ."

"ಇದು ನಿಮಗೆ ಎತ್ತರ ಆಗೈತಲ್ಲ."

"ನನ್ನ ಅಳತೆಗೆ ಕಟ್ಸಿದ್ರೆ ನೀನು ಬಗ್ಗಬೇಕಾಗ್ತಿತ್ತು. ಗಾರೆಯವನಿಗೆ ಇಲ್ಲಿ ಮಟ ಕಟ್ಟು ಅಂದೆ," ಎಂದು ಹಿಟ್ಟಿನ ಕೈಯನ್ನು ತಮ್ಮ ಎದೆಯ ಕೆಳಗಿಟ್ಟು ತೋರಿಸಿದರು. "ಇಲ್ಲಿಗೆ ಬರ್ತೈತೆ ನಿನ್ನ ಸೊಂಟ."

ಜಗಳಕ್ಕೆ ಬಂದವಳು ಅತ್ತುಬಿಟ್ಟೆ. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಅವರ ಕೈ ಹಿಡಿದು ಮಣೆಯಿಂದ ಇಳಿಸಿದೆ. ಕಾಲು ನೆಲಕ್ಕೂರಿದಾಗ ಅವರು ಮುಖ ಕಿವುಚಿದರು. ಕೈ ತಾನಾಗಿ ಮೊಣಕಾಲಿಗೆ ಹೋಯಿತು.

"ನಿಮಗೂ ನೋವೈತಾ?"

"ಎದ್ದು ನಿನಗೆ ಒಲೆ ಮುಂದಿನ ಜಾಗ ಬಿಟ್ನಲ್ಲ, ಅವಾಗಿಂದ ಐತೆ," ಎಂದರು ಅತ್ತೆ. "ರೊಟ್ಟಿ ಸೀಯ್ತೈತೆ, ತಿರುವಿ ಹಾಕು."