ತಿಂಗಳ ಕೊನೆಯ ಡೀಸೆಲ್

ಅವರ ಬಲಗಾಲಿನ ಹೆಬ್ಬೆರಳ ಬುಡದ ಚರ್ಮ ಕಪ್ಪಾಗಿ, ನುಣುಪಾಗಿ, ಹುಣಿಸೆಬೀಜದ ಹಾಗೆ ಹೊಳೆಯುತ್ತಿತ್ತು. ಎಡಗಾಲಿಗೆ ಚಪ್ಪಲಿ ಇರುತ್ತಿತ್ತು. ಬಲಗಾಲಿನದನ್ನು ಬಿಚ್ಚಿ ಸೀಟಿನ ಕೆಳಗೆ ತಳ್ಳಿದ ಮೇಲೆಯೇ ಅವರು ಜೀಪು ಚಾಲೂ ಮಾಡುತ್ತಿದ್ದುದು. ಚಪ್ಪಲಿಯಿದ್ದರೆ ಆಕ್ಸಿಲರೇಟರನ್ನು ಎಷ್ಟು ಒತ್ತುತ್ತಿದ್ದೇವೆಂದು ಕಾಲಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನ ವರ್ಷಗಳವು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ನನಗೆ ಪಾಂಡವಪುರದಲ್ಲಿ ತಾಯಿ-ಮಕ್ಕಳ ಆರೋಗ್ಯ ಸಮೀಕ್ಷೆಯ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿಗೆ ಒಂದೇ ಜೀಪು, ಒಬ್ಬರೇ ಡ್ರೈವರು. ಶ್ರೀರಂಗಪಟ್ಟಣದ ಕೋಟೆಯೊಳಗೆ ಅವರ ಮನೆ. ಕಚೇರಿಯಲ್ಲಿ ಎಲ್ಲರಿಗೂ ಅವರು ಚಾಚಾ.

ಜೀಪಿಗೆ ತಿಂಗಳಿಗೆ ಇಷ್ಟೇ ಡೀಸೆಲ್ ಎಂದು ನಿಗದಿಯಾಗಿತ್ತು. ಕೊನೆಯ ವಾರಕ್ಕೆ ಅದು ಯಾವತ್ತೂ ಸಾಲುತ್ತಿರಲಿಲ್ಲ. ನಮ್ಮದು ಆಂಬುಲೆನ್ಸ್ ಅಲ್ಲ, ನಿಜ. ಆದರೆ ಹೆರಿಗೆ ಕಷ್ಟವಾದಾಗ ಹಳ್ಳಿಯವರು ಮೊದಲು ಓಡಿಬರುತ್ತಿದ್ದುದು ಜೀಪಿದ್ದ ಕಡೆಗೇ. ಆ ಒಂದು ವಾರಕ್ಕಾಗಿ ಚಾಚಾ ಉಳಿದ ಮೂರು ವಾರ ಉಳಿತಾಯ ಮಾಡುತ್ತಿದ್ದರು. ಏಕೆಂದು ನಾನು ಕೇಳಿದ್ದು ಒಂದೇ ಸಲ.

"ಒಂದ್ಸಲ ಎಣ್ಣೆ ಇಲ್ದೆ ಗಾಡಿ ನಿಂತಿತ್ತು ಬೇಟಿ. ಆ ಬಸುರಿ ಹೆಣ್ಮಗಳ್ನ ಎತ್ತಿನ ಗಾಡೀಲಿ ವಾಪಸ್ ಕರ್ಕೊಂಡೋದ್ರು. ಮನೆಗಂಟ ಬದುಕ್ಲಿಲ್ಲ," ಎಂದು ಹೇಳಿ ಕಿಟಕಿಯಾಚೆ ನೋಡಿದರು.

ಸೋಮವಾರ ಬೆಳಗ್ಗೆ ನಾಲ್ಕೂ ಚಕ್ರಗಳಿಗೆ ಗಾಳಿ ತುಂಬಿಸದೆ ಅವರು ಹೊರಡುತ್ತಿರಲಿಲ್ಲ. ಹಿಂದೆ ಬಿದ್ದಿದ್ದ ತುಕ್ಕುಹಿಡಿದ ಕಬ್ಬಿಣ, ಮುರಿದ ಕುರ್ಚಿ, ಹಳೆಯ ಪ್ರಚಾರದ ಹಲಗೆಗಳನ್ನೆಲ್ಲ ಇಳಿಸಿದ್ದರು. ನಾಗಮಂಗಲದ ದಾರಿಯಲ್ಲಿ ಎದುರುಗಾಳಿ ಎದ್ದರೆ ವೇಗ ಇನ್ನಷ್ಟು ತಗ್ಗುತ್ತಿತ್ತು. ಕಬ್ಬಿನ ಗಾಡಿಗಳ ಸಾಲು ದೂರದಲ್ಲಿ ಕಂಡಕೂಡಲೇ ಕಾಲು ತೆಗೆದುಬಿಡುತ್ತಿದ್ದರು. ಓಡಿಸಿಕೊಂಡು ಹೋಗಿ ಬ್ರೇಕು ಹಾಕುವುದು ಅವರ ಲೆಕ್ಕದಲ್ಲಿ ಡೀಸೆಲನ್ನು ರಸ್ತೆಗೆ ಚೆಲ್ಲಿದಂತೆ. ಧೂಳು, ಬಿಸಿಲು, ಮುಂದೆ ತೂಗಾಡುವ ಕಬ್ಬಿನ ಹೊರೆ. ಊರು ಬರುತ್ತಲೇ ಇರಲಿಲ್ಲ. ಸಂಜೆ ಇಳಿಯುವಾಗ ಸೊಂಟ ನನ್ನದೆನಿಸುತ್ತಿರಲಿಲ್ಲ.

ನಮ್ಮ ಅಧಿಕಾರಿ ರೇಗುತ್ತಿದ್ದರು. "ಏನಯ್ಯಾ, ಎತ್ತುಗಳ ಹಿಂದೆ ಮೆರವಣಿಗೆ ಹೊರಟಿದ್ದೀಯಾ?"

"ಅವೂ ಪಾಂಡವಪುರಕ್ಕೇ ಹೋಗ್ತಾವೆ ಸಾರ್, ಜೊತೆಗಿರ್ಲಿ," ಎನ್ನುತ್ತಿದ್ದರು ಚಾಚಾ.

ಡೀಸೆಲಿನ ಮುಳ್ಳು ಎಂದೋ ಸತ್ತಿತ್ತು. ಅದನ್ನು ರಿಪೇರಿ ಮಾಡಿಸಲು ಅವರು ಆಸಕ್ತಿ ತೋರಲಿಲ್ಲ. ಟ್ಯಾಂಕಿಗೆ ಬಿದಿರುಕಡ್ಡಿ ಇಳಿಸಿ ನೋಡುತ್ತಿದ್ದರು. ಎಷ್ಟು ಉಳಿದಿದೆಯೆಂಬುದು ಅವರಿಗೆ ಗೊತ್ತು, ಪಕ್ಕದಲ್ಲಿ ನಿಂತಿರುತ್ತಿದ್ದ ನನಗೆ ಗೊತ್ತು, ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ಅಧಿಕಾರಿಗೆ ತಿಳಿದರೆ ಅದು ಸಂತೆಗೋ ನೆಂಟರ ಮನೆಗೋ ಓಡಿ ಮುಗಿಯುತ್ತಿತ್ತು.

ಅಂಥದೊಂದು ಕೊನೆಯ ವಾರ, ಅಧಿಕಾರಿ ಹೆಂಡತಿ ಮಕ್ಕಳೊಂದಿಗೆ ಜರಿಪಂಚೆಯುಟ್ಟು ಕಚೇರಿಗೆ ಬಂದರು. ನಾಗಮಂಗಲದಲ್ಲಿ ನೆಂಟರ ಮದುವೆ.

"ಡೀಸೆಲ್ ಇಲ್ಲ ಸಾರ್. ತಳ ಕಂಡದೆ," ಎಂದರು ಚಾಚಾ.

ಅಧಿಕಾರಿ ನನ್ನ ಕಡೆ ತಿರುಗಿದರು. ಬೆಳಗ್ಗೆಯಷ್ಟೇ ಕಡ್ಡಿ ನಾಲ್ಕು ಬೆರಳು ಒದ್ದೆಯಾಗಿದ್ದನ್ನು ನಾನು ನೋಡಿದ್ದೆ.

"ಕಡ್ಡಿ ಒಣಗಿತ್ತು ಸರ್," ಎಂದೆ.

ಅವರು ಗೊಣಗುತ್ತ ಬಸ್‌ಸ್ಟ್ಯಾಂಡಿಗೆ ನಡೆದರು. ಸ್ವಲ್ಪ ಹೊತ್ತಿಗೆ ಚಿನಕುರಳಿಯಿಂದ ಮೊಪೆಡ್ಡಿನಲ್ಲಿ ಒಬ್ಬ ಬಂದ. ಕಲ್ಲು ಕ್ವಾರಿಯ ಕೆಲಸದವನು; ಮೈಯೆಲ್ಲ ಬಿಳಿ ಧೂಳು. ಹೆಂಡತಿಗೆ ಹಿಂದಿನ ದಿನದಿಂದ ನೋವು, ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಲು ಸೂಲಗಿತ್ತಿ ಹೇಳಿದ್ದಳು. ಚಾಚಾ ಆಗಲೇ ಬಲಗಾಲಿನ ಚಪ್ಪಲಿ ಬಿಚ್ಚುತ್ತಿದ್ದರು. ನಾನೂ ಹತ್ತಿದೆ.

ಚಿನಕುರಳಿಯಲ್ಲಿ ಅವಳನ್ನೂ ಅತ್ತೆಯನ್ನೂ ಗಂಡನನ್ನೂ ಹತ್ತಿಸಿಕೊಂಡು ಪಾಂಡವಪುರದ ಮೇಲೆ ವಾಪಸು ಬರುವಾಗ, ಬಸ್‌ಸ್ಟ್ಯಾಂಡಿನಲ್ಲಿ ಅಧಿಕಾರಿ ಇನ್ನೂ ಬಸ್ಸಿಗೆ ಕಾಯುತ್ತಿದ್ದರು. ನಮ್ಮನ್ನು ನೋಡಿದರು. ಚಾಚಾ ತಲೆ ಬಾಗಿಸಿ ನಮಸ್ಕಾರ ಹಾಕಿ ಮುಂದೆ ಹೋದರು, ಅದೇ ನಿಧಾನದಲ್ಲಿ.

"ಬೇಗ ಬುಡ್ರಿ ಸಾಬ್ರೆ, ನಿಮ್ ದಮ್ಮಯ್ಯ!" ಎಂದು ಗಂಡ ಅಂಗಲಾಚಿದ.

"ನಮ್ಮನೆ ಎಮ್ಮೆ ಇದ್ಕಿಂತ ಜೋರಾಗಿ ಓಡ್ತದೆ," ಎಂದಳು ಅತ್ತೆ.

"ಜೋರಾಗಿ ಬುಟ್ರೆ ಪಟ್ಣದ ಸೇತ್ವೆ ತಾವೇ ನಿಂತೋಯ್ತದೆ ಕಣವ್ವ. ಆಮ್ಯಾಕೆ ನೀನೇ ತಳ್ಬೇಕಾಯ್ತದೆ."

ಡೀಸೆಲ್ ಅಷ್ಟೇ ಇತ್ತು. ದುಡ್ಡು ಕೊಟ್ಟು ಹಾಕಿಸೋಣವೆಂದರೆ ತಿಂಗಳ ಕೊನೆಯಲ್ಲಿ ನಮ್ಮ ಯಾರ ಕೈಯಲ್ಲೂ ಬಸ್ ಚಾರ್ಜಿಗಿಂತ ಹೆಚ್ಚೇನೂ ಇರಲಿಲ್ಲ. ರೈಲ್ವೆ ಗೇಟು ಬಿದ್ದಿತ್ತು. ಚಾಚಾ ಎಂಜಿನ್ ನಿಲ್ಲಿಸಿದರು. ಆ ಮೌನದಲ್ಲಿ ಅವಳ ನರಳಾಟವೊಂದೇ ಕೇಳುತ್ತಿತ್ತು. ಗಂಡ ಸೀಟನ್ನು ಗುದ್ದಿದ. "ಯಾಕ್ ಆಫ್ ಮಾಡುದ್ರಿ? ಯಾಕ್ ಮಾಡುದ್ರಿ?" ಚಾಚಾರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ರೈಲು ದಾಟಿತು. ಕಿರಂಗೂರು, ಶ್ರೀರಂಗಪಟ್ಟಣ, ಸೇತುವೆ, ಮೈಸೂರು. ಆಸ್ಪತ್ರೆಯ ಅಂಗಳದಲ್ಲಿ ನಿಂತ ಜೀಪು ಮತ್ತೆ ಚಾಲೂ ಆಗಲಿಲ್ಲ. ಮಗು ಹುಟ್ಟಿದ ಸುದ್ದಿ ತಿಳಿದುಕೊಂಡು, ಜೀಪನ್ನು ಅಲ್ಲೇ ಬಿಟ್ಟು, ನಾವಿಬ್ಬರೂ ಬಸ್ಸಿನಲ್ಲಿ ಮರಳಿದೆವು. ದಾರಿಯುದ್ದಕ್ಕೂ ಚಾಚಾ ಕಣ್ಣು ಮುಚ್ಚಿಕೊಂಡಿದ್ದರು.

ಅಧಿಕಾರಿ ಮದುವೆಗೆ ಹೋಗದೆ ಕಚೇರಿಯಲ್ಲೇ ಕುಳಿತಿದ್ದರು. "ಇವತ್ತು ಬಚ್ಚಿಟ್ಟವನು ಪ್ರತಿ ತಿಂಗಳೂ ಬಚ್ಚಿಟ್ಟಿದ್ದೀಯ. ಯಾರಿಗಯ್ಯಾ ಮಾರಿದೆ?" ಎಂದರು. ನನ್ನನ್ನು ನೋಡಿ, "ನೀವೂ ಒಣಗಿತ್ತು ಅಂದ್ರಲ್ಲ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದರು: "ಅವ್ರಿಗೇನ್ ಗೊತ್ತು ಸಾರ್? ಒಣಗಿದ್ ತುದಿ ತೋರ್ಸಿದ್ದು ನಾನು."

ಮರುದಿನ ಮೇಲಧಿಕಾರಿ ವಿಚಾರಣೆಗೆ ಬರುವವರಿದ್ದರು. ಕಳ್ಳತನ ಎಂದಾದರೆ ಪಿಂಚಣಿ ಹೋಗುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಚಾಚಾ ನನಗೆ ಹೇಳಿದ್ದು ಇಷ್ಟೇ: "ನಂಗೊತ್ತಿಲ್ಲ ಅಂದ್ಬುಡು ಬೇಟಿ. ನಂದು ಇನ್ನು ಮೂರು ತಿಂಗ್ಳು. ನಿಂದು ಈಗಷ್ಟೇ ಸುರು." ಅಧಿಕಾರಿಯೂ ನನಗೆ ಅದನ್ನೇ ಹೇಳಿದ್ದರು, ಕಳ್ಳತನವೆಲ್ಲ ಚಾಚಾರ ತಲೆಗೇ ಬೀಳಲೆಂದು.

ಚಾಚಾ ಪಿಂಚಣಿಯೊಂದಿಗೇ ನಿವೃತ್ತರಾದರು. ನನ್ನ ಕೆಲಸ ಆ ವರ್ಷದಾಚೆಗೆ ಮುಂದುವರಿಯಲಿಲ್ಲ. ಕೆಲವು ವರ್ಷಗಳ ನಂತರ, ಕರಿಘಟ್ಟದ ದಾರಿಯಲ್ಲಿ ಸಿಕ್ಕ ಅವರ ಮಗ, ತಂದೆ ತೀರಿಕೊಂಡರೆಂದು ತಿಳಿಸಿದ. ನನಗಾಗಿ ಒಬ್ಬರು ತಾವಾಗಿಯೇ ಕಳ್ಳರೆನಿಸಿಕೊಳ್ಳಲು ಸಿದ್ಧರಾಗಿದ್ದುದು ನನ್ನ ಬದುಕಿನಲ್ಲಿ ಅದೊಂದೇ ಸಲ.

ವಿಚಾರಣೆಯ ದಿನ ಬೆಳಗ್ಗೆ ನಾನು ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಕಾದೆ. ಮೇಲಧಿಕಾರಿ ಕುಳಿತೊಡನೆ ಒಳಗೆ ಹೋಗಿ, ಡೀಸೆಲ್ ಇದ್ದದ್ದು ನನಗೆ ಗೊತ್ತಿತ್ತು, ಇಲ್ಲವೆಂದವರಲ್ಲಿ ನಾನೂ ಒಬ್ಬಳು, ಅದು ಯಾವ ಯಾವ ತಿಂಗಳು ಯಾವ ಯಾವ ಮನೆಯ ಹೆಂಗಸರನ್ನು ಹೊತ್ತೊಯ್ದಿತೆಂದು ಹೇಳುತ್ತೇನೆ, ವಿಚಾರಿಸಿಕೊಳ್ಳಿ ಎಂದೆ. ಚಿನಕುರಳಿಯಿಂದ ಶುರುಮಾಡಿದೆ.